ಮಗಳ ಮುಖಕ್ಕೆ ಏಳು ಬಾಟಲಿ: ಯಾವುದನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ (ಧಾರವಾಡದ ತಾಯಿ)

ನನ್ನ ಮಗಳಿಗೆ 16 ವರ್ಷ, ಪಿಯುಸಿ ಓದುತ್ತಿದ್ದಾಳೆ. ಹಣೆಯ ಮೇಲೆ ನಾಲ್ಕಾರು ಮೊಡವೆಗಳಿದ್ದವು, ಅಷ್ಟೆ. ಮೊಬೈಲಿನಲ್ಲಿ ‘ಗ್ಲಾಸ್ ಸ್ಕಿನ್’ (ಗಾಜಿನಂತೆ ಹೊಳೆಯುವ ಚರ್ಮ) ವಿಡಿಯೊಗಳನ್ನು ನೋಡಿ ಒಂದೊಂದಾಗಿ ತರಿಸಿಕೊಂಡ ಬಾಟಲಿಗಳು ಆರು ತಿಂಗಳಲ್ಲಿ ಏಳಾಗಿವೆ. ಬೆಳಿಗ್ಗೆ ವಿಟಮಿನ್ ಸಿ ಸೀರಮ್, ನಯಾಸಿನಮೈಡ್, ಸನ್‌ಸ್ಕ್ರೀನ್. ರಾತ್ರಿ ಸ್ಯಾಲಿಸಿಲಿಕ್ ಆಮ್ಲದ ಫೇಸ್‌ವಾಶ್, ಟೋನರ್, ಗ್ಲೈಕೋಲಿಕ್ ಆಮ್ಲ, ಕೊನೆಗೆ ರೆಟಿನಾಲ್. ಈಗ ಮೂಗಿನ ಎರಡೂ ಬದಿ ಕೆಂಪಾಗಿ ಸಿಪ್ಪೆ ಏಳುತ್ತಿದೆ, ತಣ್ಣೀರು ತಾಗಿದರೂ ಉರಿ ಎನ್ನುತ್ತಾಳೆ. ಇದು ‘ಪರ್ಜಿಂಗ್’, ಕೊಳೆ ಹೊರಬರುತ್ತಿದೆ ಎಂಬುದು ವಿಡಿಯೊದವರ ಮಾತು. ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಹಚ್ಚಿದರೆ ಸಾಕು ಎಂಬುದು ನಮ್ಮ ಅತ್ತೆಯವರ ಮಾತು. ಯಾರನ್ನು ನಂಬಲಿ?

ಉತ್ತರ 1 (ಔಷಧ ಅಂಗಡಿಯವರು, ಶಿವಮೊಗ್ಗ)

ತಾಯಿ, ವಿಡಿಯೊದ ಬಾಟಲಿಗಳನ್ನು ಇಂದೇ ನಿಲ್ಲಿಸಿ, ನಿಂಬೆರಸವೂ ಬೇಡ. ಚರ್ಮದ ಹೊರಪದರ ಇಟ್ಟಿಗೆ ಗೋಡೆಯಂತಿರುತ್ತದೆ. ಸತ್ತ ಜೀವಕೋಶಗಳು ಇಟ್ಟಿಗೆಯಾದರೆ ಸೆರಮೈಡ್ ಮೊದಲಾದ ಕೊಬ್ಬಿನ ಅಂಶಗಳು ಅವುಗಳ ನಡುವಿನ ಗಾರೆ. ಗ್ಲೈಕೋಲಿಕ್ ಆಮ್ಲ ಜೀವಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತದೆ, ರೆಟಿನಾಲ್ ಹೊಸ ಜೀವಕೋಶಗಳು ಮೇಲೆ ಬರುವ ವೇಗವನ್ನು ಹೆಚ್ಚಿಸುತ್ತದೆ, ಹೀಗಾಗಿ ಎರಡನ್ನೂ ಒಂದೇ ರಾತ್ರಿ ಹಚ್ಚಿದರೆ ಗೋಡೆ ಕಟ್ಟುವುದಕ್ಕಿಂತ ಬೇಗ ಕುಸಿಯುತ್ತದೆ. ರೆಟಿನಾಲ್ ಶುರುಮಾಡಿದಾಗ ಮೊಡವೆಗಳು ಕೆಲವು ವಾರ ಹೆಚ್ಚುವುದು ನಿಜ, ಆದರೆ ಅವು ಮೊದಲಿನಿಂದ ಏಳುತ್ತಿದ್ದ ಜಾಗದಲ್ಲೇ ಏಳುತ್ತವೆ. ನೀರು ತಾಗಿದರೆ ಉರಿಯುವುದು ಪರ್ಜಿಂಗ್ ಅಲ್ಲ, ಗಾಯ.

ಹಿರಿಯರ ಮೇಲಿನ ಗೌರವದಿಂದಲೇ ಹೇಳುತ್ತೇನೆ: ನಿಂಬೆರಸದ ಪಿಎಚ್ (ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ತೀಕ್ಷ್ಣ) ಸುಮಾರು 2, ಚರ್ಮದ್ದು ಸುಮಾರು 5. ನಿಂಬೆರಸ ತಾಗಿದ ಚರ್ಮ ಬಿಸಿಲಿಗೆ ಒಡ್ಡಿಕೊಂಡರೆ ಬೊಬ್ಬೆಯೆದ್ದು, ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುವುದುಂಟು. ಅಡುಗೆಮನೆಯ ವಸ್ತು ಎಂದ ಮಾತ್ರಕ್ಕೆ ಅದು ಸೌಮ್ಯವಾಗುವುದಿಲ್ಲ.

ಸದ್ಯಕ್ಕೆ ಸುವಾಸನೆಯಿಲ್ಲದ ಸೌಮ್ಯ ಫೇಸ್‌ವಾಶ್, ಸಾಧಾರಣ ಮಾಯಿಶ್ಚರೈಸರ್, ಹಗಲು ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಇವಿಷ್ಟೇ ಇರಲಿ. ಮೇಲ್ಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಆ ಬಳಿಕವೂ ಮೊಡವೆ ಉಳಿದರೆ ಚರ್ಮವೈದ್ಯರು ಒಂದೇ ಔಷಧ ಬರೆದುಕೊಟ್ಟಾರು. ಒಂದೇ ಸಾಕಾಗುವುದೂ ಉಂಟು.

ಉತ್ತರ 2 (ಬಂಗಿನಿಂದ ಬಳಲಿದವಳು)

ಉರಿ ಬೇಗನೆ ಕಾಣಿಸಿಕೊಂಡದ್ದು ನಿಮ್ಮ ಮಗಳ ಪುಣ್ಯ ಎಂದುಕೊಳ್ಳಿ, ಅಕ್ಕಾ. ನನಗೆ ಉಂಟಾದ ಹಾನಿ ನಗುಮುಖದಿಂದ ಬಂತು. ಕೆನ್ನೆಯ ಬಂಗಿಗೆಂದು ಪರಿಚಿತರೊಬ್ಬರು ಹೇಳಿದ ಟ್ಯೂಬನ್ನು ಚೀಟಿಯಿಲ್ಲದೆ ಕೊಂಡೆ. ಎಂಟೇ ದಿನಗಳಲ್ಲಿ ಮುಖ ತಿಳಿಯಾಯಿತು, ಮದುವೆಮನೆಯಲ್ಲಿ ಎಲ್ಲರೂ ಹೊಗಳಿದರು. ಎರಡು ವರ್ಷ ಹಚ್ಚಿದೆ. ಆಮೇಲೆ ಕೆನ್ನೆಯಲ್ಲಿ ಕೆಂಪು ರಕ್ತನಾಳಗಳು ಎದ್ದವು, ಗಲ್ಲದ ಮೇಲೆ ರೋಮ ಬೆಳೆಯಿತು, ಒಂದು ದಿನ ಬಿಟ್ಟರೂ ಮುಖ ಬೆಂದಂತಾಗುತ್ತಿತ್ತು. ಅದರಲ್ಲಿದ್ದದ್ದು ಸ್ಟೀರಾಯ್ಡ್ ಎಂದು ವೈದ್ಯರು ಹೇಳಿದ ಮೇಲೆಯೇ ನನಗೆ ತಿಳಿದದ್ದು. 2018ರಲ್ಲಿ ಕೇಂದ್ರ ಸರ್ಕಾರ ಇಂತಹ ಹಲವು ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ತಂದು ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಿತು. ಮನೆಯಲ್ಲಿರುವ ಪ್ರತಿ ಟ್ಯೂಬಿನ ಹಿಂಬದಿಯನ್ನು ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ ಎಂದಿದ್ದರೆ ವೈದ್ಯರನ್ನು ಕೇಳದೆ ಮುಖಕ್ಕೆ ಮುಟ್ಟಿಸಬೇಡಿ. ಈಗಾಗಲೇ ಬಹುಕಾಲದಿಂದ ಹಚ್ಚುತ್ತಿರುವವರು ಒಮ್ಮೆಗೇ ನಿಲ್ಲಿಸದೆ ವೈದ್ಯರ ಸಲಹೆಯಂತೆ ಬಿಡಬೇಕು.

ಉತ್ತರ 3 (ಹಾಸ್ಟೆಲ್ ಮೇಲ್ವಿಚಾರಕಿ)

ಮೊಡವೆಗಳು ಹಣೆಯ ಮೇಲೆ ಮಾತ್ರ ಇದ್ದವು ಎಂದಿರಿ. ಮಗಳು ರಾತ್ರಿ ತಲೆಗೆ ಎಣ್ಣೆ ಹಚ್ಚಿ ಮಲಗುತ್ತಾಳೆಯೇ? ಕೊಬ್ಬರಿ ಎಣ್ಣೆ ಹಣೆಗೆ ಇಳಿದರೆ ಕೂದಲಂಚಿನುದ್ದಕ್ಕೂ ಸಣ್ಣ ಗುಳ್ಳೆಗಳು ಏಳುತ್ತವೆ. ತಲೆ ತೊಳೆಯುವ ಒಂದೆರಡು ಗಂಟೆ ಮೊದಲು ಹಚ್ಚಿದರೆ ಸಾಕು, ದಿಂಬಿನ ಕವರನ್ನು ವಾರಕ್ಕೊಮ್ಮೆಯಾದರೂ ಬದಲಿಸಿ.

ಪ್ರಶ್ನೆ ಕೇಳಿದವರು

ಈಗಷ್ಟೇ ಹೋಗಿ ನೋಡಿದೆ. ದಿಂಬಿನ ಕವರಿನ ನಡುವೆ ಅಂಗೈಯಗಲದ ಎಣ್ಣೆಯ ಕಲೆ ಇದೆ. ಇಷ್ಟು ದಿನ ನಾನೇ ಒಗೆದು ಹಾಕುತ್ತಿದ್ದರೂ ಹೊಳೆದಿರಲಿಲ್ಲ. ಮೂರೂ ಉತ್ತರಗಳನ್ನು ಮಗಳಿಗೆ ಓದಿಸಿದೆ. ಸನ್‌ಸ್ಕ್ರೀನನ್ನು ಮೇಜಿನ ಮೇಲೆ ಉಳಿಸಿಕೊಂಡು, ಮಿಕ್ಕ ಆರು ಬಾಟಲಿಗಳನ್ನು ಅವಳೇ ತಂದು ನನ್ನ ಕೈಗೆ ಕೊಟ್ಟಳು.