ಪದಚರ್ಚೆ: ಧ್ವನಿತುಣುಕಿನ ‘ಪಿಚ್’ಗೆ ‘ಶ್ರುತಿ’ ಎನ್ನಬಹುದೇ?

ಮಾನ್ಯರೇ,

ಸಂಗೀತ ಕಲಿಯುತ್ತಿರುವ ಕೆಲವು ಹಿರಿಯ ವಿದ್ಯಾರ್ಥಿಗಳಿಗಾಗಿ, ತಮ್ಮ ಹಾಡಿಕೆಯನ್ನು ಟ್ಯಾಬ್ಲೆಟ್‌ನಲ್ಲಿ ತಾವೇ ಮುದ್ರಿಸಿ ತಿದ್ದಿಕೊಳ್ಳುವುದು ಹೇಗೆಂದು ತಿಳಿಸುವ ಒಂದು ಕಿರು ಕೈಪಿಡಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮುದ್ರಿಸುವುದು, ಅಳಿಸುವುದು, ಉಳಿಸುವುದು ಇವುಗಳನ್ನು ಬರೆಯುವಾಗ ಪದಕ್ಕಾಗಿ ತಡಕಾಡಬೇಕಾಗಲಿಲ್ಲ. ಆದರೆ ಮುದ್ರಿಸಿದ ಒಂದು ತುಣುಕಿನ ಮೇಲೆ ಬೆರಳಿಟ್ಟಾಗ ತೆರೆದುಕೊಳ್ಳುವ ಸೆಟ್ಟಿಂಗ್ಸ್ ಪುಟ ಬಂದೊಡನೆ ಬರವಣಿಗೆ ನಿಂತಿತು. ತಂತ್ರಾಂಶದಿಂದ ತಂತ್ರಾಂಶಕ್ಕೆ ಅಷ್ಟಿಷ್ಟು ಬದಲಾದರೂ ಅಲ್ಲಿರುವುದು ಬೆರಳೆಣಿಕೆಯ ಬಾಬತ್ತುಗಳು: ಗೇನ್, ಟ್ರಾನ್ಸ್‌ಪೋಸ್, ಫೈನ್ ಟ್ಯೂನ್, ವೇಗ, ಫೇಡ್, ಲೂಪ್. ಇವುಗಳಲ್ಲಿ ಹೆಚ್ಚಿನವು ನಮ್ಮ ಸಂಗೀತಗಾರರು ದಿನವೂ ಮಾಡುವ ಕೆಲಸಗಳೇ ಆಗಿರುವುದರಿಂದ ಕನ್ನಡದ ಪದಗಳು ತಾವಾಗಿಯೇ ಬಂದು ಕೂರುತ್ತವೆ ಎಂದುಕೊಂಡಿದ್ದೆ. ತೊಡಕು ಇರುವುದೇ ಅಲ್ಲಿ. ಸಂಗೀತದ ಪದಗಳಿಗೆ ಈಗಾಗಲೇ ಒಂದೊಂದು ಕೆಲಸವಿದೆ, ಮತ್ತು ಆ ಕೆಲಸ ಈ ಪುಟದ ಗುಂಡಿಗಳ ಕೆಲಸದೊಂದಿಗೆ ಅರ್ಧ ಮಾತ್ರ ಹೊಂದುತ್ತದೆ.

‘ಕ್ಲಿಪ್’ ವಿಷಯದಲ್ಲಿ ನನಗೆ ಹೆಚ್ಚು ಚಿಂತೆಯಿಲ್ಲ. ಪತ್ರಿಕೆಗಳು ‘ವಿಡಿಯೊ ತುಣುಕು’ ಎಂದು ಬರೆದು ಬರೆದು ‘ತುಣುಕು’ ನೆಲೆಗೊಂಡಿದೆ. ಸಂಗೀತ ಮುದ್ರಿಸುವ ತಂತ್ರಾಂಶಗಳಲ್ಲಿ, 2011ರಲ್ಲಿ ಐಪ್ಯಾಡ್‌ಗೆ ಬಂದ ಗ್ಯಾರೇಜ್‌ಬ್ಯಾಂಡ್ ಆಗಲಿ, 2023ರಲ್ಲಿ ಬಂದ ಲಾಜಿಕ್ ಪ್ರೊ ಆಗಲಿ ಇದನ್ನು ‘ರೀಜನ್’ ಎನ್ನುತ್ತವೆ. ಏಬಲ್‌ಟನ್‌ನವರು ‘ಕ್ಲಿಪ್’ ಎನ್ನುತ್ತಾರೆ. ‘ರೀಜನ್’ ಎಂಬುದನ್ನು ಪದಕ್ಕೆ ಪದವಿಟ್ಟು ‘ಪ್ರದೇಶ’ ಎಂದರೆ ಹವಾಮಾನ ವರದಿಯಾದೀತು. ಎರಡಕ್ಕೂ ‘ತುಣುಕು’ ಎಂದೇ ಬರೆದಿದ್ದೇನೆ.

ಆದರೆ ಈ ತುಣುಕಿನ ಅಂಚನ್ನು ಬೆರಳಿನಿಂದ ಒಳಕ್ಕೆ ಸರಿಸುವ ಕ್ರಿಯೆಗೆ ‘ಕತ್ತರಿಸು’ ಎನ್ನಲು ಮನಸ್ಸು ಒಪ್ಪಲಿಲ್ಲ. ಏಕೆಂದರೆ ಅಲ್ಲಿ ಏನೂ ಕತ್ತರಿಸಿಹೋಗುವುದಿಲ್ಲ. ಮೂಲ ಮುದ್ರಿಕೆ ಇಡಿಯಾಗಿ ಒಳಗೇ ಇರುತ್ತದೆ, ಅಂಚನ್ನು ಮತ್ತೆ ಹೊರಕ್ಕೆ ಎಳೆದರೆ ಮರೆಯಾದ ಭಾಗವೂ ಹೊರಬರುತ್ತದೆ. ಬೆಳೆಯುವ ಮಗುವಿನ ಲಂಗಕ್ಕೆ ದರ್ಜಿ ಅಂಚನ್ನು ಒಳಕ್ಕೆ ಮಡಿಚಿ ಹೊಲಿಯುತ್ತಾನಲ್ಲ, ಮುಂದಿನ ವರ್ಷ ಬಿಚ್ಚಿಕೊಳ್ಳಲೆಂದು, ಇದು ಆ ಬಗೆಯದು. ಆದ್ದರಿಂದ ‘ಅಂಚು ಮಡಿಚು’, ‘ಅಂಚು ಬಿಚ್ಚು’ ಎಂದು ಬರೆದಿದ್ದೇನೆ. ‘ಕತ್ತರಿಸು’ ಎಂದು ಓದಿದ ವಿದ್ಯಾರ್ಥಿಗಳು ಹಾಡು ಹಾಳಾದೀತೆಂದು ಹೆದರಿ ಕೈಹಾಕದೆ ಕೂತಿದ್ದರು. ‘ಮಡಿಚು’ ಎಂದ ಮೇಲೆ ಕೈ ಓಡಿತು.

ನನ್ನ ಮುಖ್ಯ ಪ್ರಶ್ನೆ ‘ಪಿಚ್’, ಅಂದರೆ ಸ್ವರದ ಎತ್ತರ, ಮತ್ತು ಅದನ್ನು ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಗುಂಡಿ ಕುರಿತದ್ದು. ಮೊದಲ ಕರಡಿನಲ್ಲಿ ‘ತುಣುಕಿನ ಶ್ರುತಿಯನ್ನು ಎರಡು ಹೆಜ್ಜೆ ಏರಿಸಿ’ ಎಂದು ನಿಶ್ಚಿಂತೆಯಿಂದ ಬರೆದಿದ್ದೆ. ಅದನ್ನು ಓದಿದ ವಿದ್ಯಾರ್ಥಿನಿಯೊಬ್ಬರು ಬರೆದದ್ದನ್ನು ಬರೆದಂತೆಯೇ ಮಾಡಿದರು. ಅವರ ಪರದೆಯ ಮೇಲೆ ತಂಬೂರಿಯದೊಂದು ತುಣುಕು, ಅದರ ಕೆಳಗೆ ಹಾಡಿಕೆಯದೊಂದು ತುಣುಕು ಇದ್ದವು. ಹಾಡಿಕೆಯ ತುಣುಕನ್ನು ಮಾತ್ರ ಎರಡು ಹೆಜ್ಜೆ ಏರಿಸಿ ಕೇಳಿದವರೇ, ‘ಶ್ರುತಿ ಏರಲಿಲ್ಲವಲ್ಲ ಮೇಡಂ, ಶ್ರುತಿ ತಪ್ಪಿತು’ ಎಂದರು. ನಾನು ಬರೆದದ್ದರಲ್ಲಿದ್ದ ತಪ್ಪನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಾರದು. ಕನ್ನಡದಲ್ಲಿ ಶ್ರುತಿ ಎನ್ನುವುದು ಒಂದು ದನಿಗೆ ಸೇರಿದ ಗುಣವಲ್ಲ. ಹಾಡುವವರು, ಪಕ್ಕವಾದ್ಯದವರು, ತಂಬೂರಿ ಎಲ್ಲರೂ ಸೇರಿ ಒಪ್ಪಿಕೊಂಡ ಆಧಾರ ಅದು. ಅದನ್ನು ಏರಿಸುವುದಾದರೆ ಎಲ್ಲರದೂ ಒಟ್ಟಿಗೆ ಏರಬೇಕು. ಒಬ್ಬರದು ಮಾತ್ರ ಏರಿದರೆ ಅದಕ್ಕೆ ನಮ್ಮಲ್ಲಿ ಬೇರೆಯೇ ಮಾತಿದೆ, ಮತ್ತು ಅದು ಹೊಗಳಿಕೆಯ ಮಾತಲ್ಲ.

ಈ ಪದದ ಮೇಲೆ ಇನ್ನೂ ಎರಡು ಹೊರೆಗಳಿವೆ. ಸಂಗೀತಶಾಸ್ತ್ರದಲ್ಲಿ ಒಂದು ಸ್ಥಾಯಿಗೆ (ಒಂದು ‘ಸ’ದಿಂದ ಮೇಲಿನ ‘ಸ’ದವರೆಗೆ) 22 ಶ್ರುತಿಗಳೆಂಬ ಎಣಿಕೆ ಇದ್ದು, ಅಲ್ಲಿ ಶ್ರುತಿ ಎಂದರೆ ಕಿವಿಗೆ ತಿಳಿಯುವ ಸೂಕ್ಷ್ಮ ಅಂತರ. ವೇದಕ್ಕೂ ಶ್ರುತಿ ಎನ್ನುವುದನ್ನು ಇಲ್ಲಿ ಬಿಡೋಣ. ಕೇಳಿದ್ದು ಎಂಬ ಮೂಲಾರ್ಥ ಎರಡಕ್ಕೂ ಒಂದೇ ಎಂಬುದು ಬೇರೆ ಮಾತು. ಈ ಶಾಸ್ತ್ರದ ಅರ್ಥವನ್ನು ಹಿಡಿದು ಹೊರಟರೆ ‘ಎರಡು ಶ್ರುತಿ ಏರಿಸು’ ಎಂಬುದು ಪರದೆಯ ಮೇಲಿನ ಎರಡು ಹೆಜ್ಜೆಗಿಂತ ಬಹಳ ಚಿಕ್ಕದಾಗುತ್ತದೆ, ಏಕೆಂದರೆ ತಂತ್ರಾಂಶ ಸ್ಥಾಯಿಯನ್ನು 12 ಸಮಭಾಗ ಮಾಡಿಕೊಂಡಿದೆ, ಒಂದೊಂದು ಭಾಗವೂ ಒಂದು ಹೆಜ್ಜೆ.

ಹಾಗಾದರೆ ಹೆಜ್ಜೆಗೆ ಏನೆನ್ನಬೇಕು? ಕರ್ನಾಟಕ ಸಂಗೀತದವರು ಶ್ರುತಿಯನ್ನು ಮನೆಗಳಲ್ಲಿ ಹೇಳುತ್ತಾರೆ: ‘ನಂದು ಐದೂವರೆ ಮನೆ’, ‘ಅವರದು ಒಂದು ಮನೆ’. ಇಷ್ಟು ಸೊಗಸಾದ ಪದ ಕೈಗೆಟುಕುವಂತಿರುವಾಗ ‘ಎರಡು ಮನೆ ಏರಿಸಿ’ ಎಂದು ಬರೆಯುವ ಆಸೆ ಯಾರಿಗಾದರೂ ಆದೀತು. ಆದರೆ ಮನೆಗಳು ಹಾರ್ಮೋನಿಯಂನ ಬಿಳಿ ಪಟ್ಟಿಗಳ ಎಣಿಕೆ, ಮತ್ತು ಬಿಳಿ ಪಟ್ಟಿಗಳ ನಡುವಿನ ಅಂತರ ಎಲ್ಲೆಡೆ ಒಂದೇ ಅಲ್ಲ. ಎರಡನೆಯ ಮನೆಯಿಂದ ಮೂರನೆಯ ಮನೆಗೆ ಎರಡು ಹೆಜ್ಜೆ. ಮೂರರಿಂದ ನಾಲ್ಕಕ್ಕೆ ಒಂದೇ ಹೆಜ್ಜೆ, ನಡುವೆ ಕಪ್ಪು ಪಟ್ಟಿಯೇ ಇಲ್ಲ. ಯಕ್ಷಗಾನದ ಭಾಗವತರು ಹೇಳುವ ಕಪ್ಪು ಎರಡು, ಬಿಳಿ ನಾಲ್ಕು ಎಂಬ ಲೆಕ್ಕದಲ್ಲೂ, ಧಾರವಾಡದ ಕಡೆಯವರ ಕಾಳಿ (ಕಪ್ಪು), ಪಾಂಡರಿ (ಬಿಳಿ)ಗಳಲ್ಲೂ ಇದೇ ಮಾತು. ಇವೆಲ್ಲ ಒಂದು ಜಾಗದ ಹೆಸರುಗಳು, ಎರಡು ಜಾಗಗಳ ನಡುವಿನ ದೂರದ ಅಳತೆಗಳಲ್ಲ. ಮೈಲಿಗಲ್ಲು ಇಲ್ಲದ ಊರುಗಳ ಹೆಸರು ಹೇಳಿ ದೂರ ತಿಳಿಸಿದಂತಾಗುತ್ತದೆ.

‘ಸ್ವರಸ್ಥಾನ’ಕ್ಕೆ ಈ ದೋಷವಿಲ್ಲ. ಸ್ಥಾಯಿಯೊಳಗೆ ಸ್ವರಗಳು ನಿಲ್ಲುವ ಜಾಗಗಳಾದ ಅವು 12, ತಂತ್ರಾಂಶದ ಭಾಗಗಳೂ 12. ಅದೂ ಸ್ಥಾನವೇ, ದೂರವಲ್ಲ ಎಂದು ಯಾರಾದರೂ ನನ್ನದೇ ಆಕ್ಷೇಪವನ್ನು ನನಗೆ ತಿರುಗಿಸಬಹುದು. ಆದರೆ ಸಾಲುಮನೆಗಳ ಬೀದಿಯಲ್ಲಿ ‘ಮೂರು ಬಾಗಿಲು ಆಚೆ’ ಎನ್ನುವ ರೀತಿಯಲ್ಲಿ ‘ಎರಡು ಸ್ವರಸ್ಥಾನ ಮೇಲಕ್ಕೆ’ ಎಂದರೆ ಅರ್ಥವಾಗುತ್ತದೆ ಎಂದು ನನ್ನ ಅನಿಸಿಕೆ. ಸದ್ಯಕ್ಕೆ ‘ಸ್ಥಾನ ಏರಿಸು’, ‘ಸ್ಥಾನ ಇಳಿಸು’ ಎಂದಿಟ್ಟುಕೊಂಡಿದ್ದೇನೆ. ಎಲ್ಲ ತುಣುಕುಗಳನ್ನೂ ಒಟ್ಟಿಗೆ ಸರಿಸುವಾಗ ಮಾತ್ರ ‘ಶ್ರುತಿ ಏರಿಸು’ ಎಂದು ಬರೆದಿದ್ದೇನೆ.

ಹಿರಿಯ ಮಿತ್ರರೊಬ್ಬರು ಟ್ರಾನ್ಸ್‌ಪೋಸ್‌ಗೆ ‘ಶ್ರುತಿಭೇದ’ ಸಾಕಲ್ಲವೇ ಎಂದು ಸೂಚಿಸಿದರು. ಪದ ಚೆನ್ನಾಗಿದೆ, ಆದರೆ ಅದು ಹೇಳುವುದು ಇದರ ತೀರ ವಿರುದ್ಧವನ್ನು. ಶ್ರುತಿಭೇದ ಅಥವಾ ಗ್ರಹಭೇದದಲ್ಲಿ ಸ್ವರಗಳು ಇದ್ದಲ್ಲೇ ಇರುತ್ತವೆ, ಆಧಾರವಾದ ಷಡ್ಜ (‘ಸ’) ಮಾತ್ರ ಸರಿಯುತ್ತದೆ. ಅದರಿಂದ ರಾಗವೇ ಬದಲಾಗುತ್ತದೆ. ಮೋಹನ ರಾಗದ ರಿಷಭವನ್ನು ಷಡ್ಜವೆಂದುಕೊಂಡರೆ ಮಧ್ಯಮಾವತಿ, ಗಾಂಧಾರವನ್ನು ಷಡ್ಜವೆಂದುಕೊಂಡರೆ ಹಿಂದೋಳ ಕಾಣಿಸುತ್ತದೆ. ಟ್ರಾನ್ಸ್‌ಪೋಸ್‌ನಲ್ಲಾದರೋ ಷಡ್ಜವೂ ಸೇರಿ ಎಲ್ಲ ಸ್ವರಗಳೂ ಒಂದೇ ಅಳತೆಯಲ್ಲಿ ಸರಿದು, ಮೋಹನ ಮೋಹನವಾಗಿಯೇ ಉಳಿಯುತ್ತದೆ. ಸಂಗೀತ ಬಲ್ಲ ಓದುಗರಿಗೆ ಈ ಪದ ಕೊಟ್ಟರೆ ಅವರು ಗುಂಡಿ ಒತ್ತಿ ಹಿಂದೋಳಕ್ಕಾಗಿ ಕಾಯುತ್ತಾರೆ.

‘ಫೈನ್ ಟ್ಯೂನ್’ ಮಾತ್ರ ಅನಿರೀಕ್ಷಿತವಾಗಿ ಸುಲಭವಾಯಿತು. ಒಂದು ಹೆಜ್ಜೆಯನ್ನು 100 ಭಾಗ ಮಾಡಿ ಒಂದೊಂದಕ್ಕೂ ‘ಸೆಂಟ್’ ಎನ್ನುತ್ತಾರೆ. ಇಡೀ ಸ್ಥಾಯಿಗೆ 1200. ಇದಕ್ಕೊಂದು ಸಂಸ್ಕೃತ ಪದ ಹುಡುಕುತ್ತಿದ್ದಾಗ ನಮ್ಮ ದಕ್ಷಿಣ ಕನ್ನಡದ ವಿದ್ಯಾರ್ಥಿಯೊಬ್ಬರು ತಡೆದು, ‘ಒಂದು ಎಕರೆಗೆ 100 ಸೆಂಟ್ಸ್ ಅಲ್ವಾ, ಹಾಗೇ ಬರೆಯಿರಿ’ ಎಂದರು. ಅವರ ಊರಿನಲ್ಲಿ ಐದು ಸೆಂಟ್ಸ್ ಜಾಗ, ಹತ್ತು ಸೆಂಟ್ಸ್ ಜಾಗ ಎಂಬುದು ಮನೆಮಾತು. ಹೋಲಿಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ. ಎಕರೆಗೆ 40 ಗುಂಟೆ ಎಂದು ಎಣಿಸುವ ಬಯಲುಸೀಮೆಯವರಿಗಾಗಿ ಒಂದು ಸಾಲಿನ ವಿವರಣೆ ಸೇರಿಸಿದ್ದೇನೆ, ಅಷ್ಟೇ. ಕ್ರಿಯೆಗೆ ‘ಶ್ರುತಿ ಕೂಡಿಸು’ ಎಂಬ ರೂಢಿಯ ಮಾತೇ ಸಾಕು, ಏಕೆಂದರೆ ಸ್ವಲ್ಪ ಇಳಿದು ಹಾಡಿದ್ದನ್ನು ತಂಬೂರಿಗೆ ತಂದು ಸೇರಿಸುವ ಕೆಲಸವೇ ಇಲ್ಲಿಯದು. ಒಂದು ತುಣುಕಿನ ಮಟ್ಟಿಗೆ ‘ಶ್ರುತಿ’ ಪದ ತನ್ನ ಅರ್ಥ ಕೆಡದೆ ನಿಲ್ಲುವುದು ಈ ಒಂದೇ ಜಾಗದಲ್ಲಿ.

ವೇಗದ ಗುಂಡಿಗೆ ‘ಲಯ’, ‘ಗತಿ’, ‘ನಡೆ’ ಮೂರನ್ನೂ ಬಿಟ್ಟು ‘ಕಾಲಪ್ರಮಾಣ’ವನ್ನು ಆರಿಸಿದ್ದೇನೆ. ಗತಿ, ನಡೆಗಳು ಒಂದು ಅಕ್ಷರಕಾಲವನ್ನು (ತಾಳದ ಒಂದು ಎಣಿಕೆಯನ್ನು) ನಾಲ್ಕಾಗಿಯೋ ಮೂರಾಗಿಯೋ ಐದಾಗಿಯೋ ಒಡೆಯುವ ಬಗೆಗೆ ಮೀಸಲಾದವು. ಕಛೇರಿಯಲ್ಲಿ ‘ಕಾಲಪ್ರಮಾಣ ಓಡಿತು’, ‘ಕಾಲಪ್ರಮಾಣ ಜಗ್ಗಿತು’ ಎಂದು ಹೇಳುವುದು ನೇರವಾಗಿ ವೇಗದ ಬಗ್ಗೆಯೇ. ಆದರೆ ಸ್ವರ ಬದಲಾಗದಂತೆ ತುಣುಕನ್ನು ಉದ್ದ ಮಾಡುವ ಕ್ರಿಯೆಗೆ ಏನೆನ್ನಬೇಕು ಎಂಬಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ಟೇಪ್ ರೆಕಾರ್ಡರ್ ಇದ್ದ ಕಾಲದಲ್ಲಿ ವೇಗ ಬದಲಿಸುವುದು, ಸ್ವರ ಬದಲಿಸುವುದು ಇವೆರಡು ಬೇರೆ ಬೇರೆ ಕ್ರಿಯೆಗಳೇ ಆಗಿರಲಿಲ್ಲ: ಟೇಪು ನೂರಕ್ಕೆ 12ರಷ್ಟು ಜೋರಾಗಿ ಓಡಿದರೆ ಹಾಡು ಬೇಗ ಮುಗಿಯುವುದರ ಜೊತೆಗೆ ಹೆಚ್ಚುಕಡಿಮೆ ಎರಡು ಸ್ಥಾನ ಮೇಲಕ್ಕೂ ಏರುತ್ತಿತ್ತು. ಬ್ಯಾಟರಿ ಇಳಿದಾಗ ಗಾಯಕಿಯ ದನಿ ಗಾಯಕನದಾಗಿ, ಮಾತುಗಳೆಲ್ಲ ರಬ್ಬರಿನಂತಾಗುತ್ತಿದ್ದುದು ನಮ್ಮ ತಲೆಮಾರಿನವರಿಗೆ ನೆನಪಿದ್ದೀತು. ಆಗ ಮನೆಯಲ್ಲಿ ಹೇಳುತ್ತಿದ್ದ ಮಾತು, ‘ಟೇಪು ಎಳೀತಾ ಇದೆ’. ಈಗ ತಂತ್ರಾಂಶ ಕಾಲವನ್ನೂ ಸ್ವರವನ್ನೂ ಬಿಡಿಸಿ ಬೇರೆ ಮಾಡಿದೆ. ‘ಎಳೆ’ ಎಂದರೆ ಹಳಬರ ಕಿವಿಯಲ್ಲಿ ಸ್ವರವೂ ಇಳಿಯಬೇಕು. ಹೊಸಬರಿಗೆ ಹಾಗೇನೂ ಅನ್ನಿಸುವುದಿಲ್ಲ. ‘ಸ್ವರ ಹಿಡಿದು ಎಳೆ’, ‘ಟೇಪಿನಂತೆ ಎಳೆ’ ಎಂದು ಎರಡಾಗಿ ಬರೆದಿದ್ದೇನೆ. ಎರಡನೆಯದು ತಮಾಷೆಯಂತೆ ಕಂಡರೂ, ಓದಿದವರಲ್ಲಿ ಯಾರೂ ವಿವರಣೆ ಕೇಳಲಿಲ್ಲ.

ಇನ್ನು ‘ಗೇನ್’. ಯಂತ್ರಾನುವಾದಕ್ಕೆ ಕೊಟ್ಟು ನೋಡಿದಾಗ ‘ಲಾಭ’ ಎಂದು ಬಂತು. ತುಣುಕಿನ ಲಾಭ ಮೂರು ಡೆಸಿಬೆಲ್ ಎಂದರೆ ಯಾವ ಅಂಗಡಿಯ ಲೆಕ್ಕವೋ ತಿಳಿಯದು. ಭೌತಶಾಸ್ತ್ರದ ಜಾಡಿನಲ್ಲಿ ‘ವರ್ಧನೆ’ ಇದೆ, ಧ್ವನಿವರ್ಧಕದಿಂದಾಗಿ ಅದು ಕಿವಿಗೆ ಹೊಸದೂ ಅಲ್ಲ. ಆದರೆ ಈ ಗುಂಡಿ ಸೊನ್ನೆಯಿಂದ ಕೆಳಕ್ಕೂ ಹೋಗುತ್ತದೆ. ಆರು ಡೆಸಿಬೆಲ್ ಏರಿಸಿದರೆ ಅಲೆಯ ಎತ್ತರ ಸುಮಾರು ಎರಡು ಪಟ್ಟಾಗುತ್ತದೆ, ಆರು ಇಳಿಸಿದರೆ ಸುಮಾರು ಅರ್ಧವಾಗುತ್ತದೆ. ಅರ್ಧವಾಗುವುದನ್ನು ‘ಋಣ ಆರು ವರ್ಧನೆ’ ಎನ್ನಲು ನನಗೆ ನಾಲಿಗೆ ಏಳದು. ‘ವಾಲ್ಯೂಮ್’ ಎಂದೇ ಬರೆದುಬಿಡೋಣವೆಂದರೆ, ಅದು ಬೇರೆ ಗುಂಡಿ. ಗೇನ್ ಆ ಒಂದು ತುಣುಕಿಗೆ, ದನಿ ಎಕೊ ಮುಂತಾದ ಪರಿಣಾಮಗಳ ಒಳಕ್ಕೆ ಹೋಗುವ ಮುನ್ನ ಆಗುವ ಬದಲಾವಣೆ. ವಾಲ್ಯೂಮ್ ತುಣುಕುಗಳು ಕೂರುವ ಇಡೀ ಸಾಲಿಗೆ (ಟ್ರ್ಯಾಕ್), ಎಲ್ಲ ಮುಗಿದ ಮೇಲೆ. ಒಂದು ಒಲೆಯ ಮೇಲಿನ ಪಾತ್ರೆಗೆ ಹಾಕುವ ಉಪ್ಪಾದರೆ ಇನ್ನೊಂದು ಎಲೆಗೆ ಬಡಿಸುವ ಅಳತೆ. ‘ತುಣುಕಿನ ಮಟ್ಟ’, ‘ಸಾಲಿನ ವಾಲ್ಯೂಮ್’ ಎಂದು ಬೇರ್ಪಡಿಸಿದ್ದೇನೆ. ಮಟ್ಟವನ್ನು ಏರಿಸಲೂಬಹುದು, ಇಳಿಸಲೂಬಹುದು.

ಇಲ್ಲಿ ಕನ್ನಡಕ್ಕೆ ಒಂದು ಸಣ್ಣ ಗೆಲುವೂ ಇದೆ. ಮಟ್ಟ ಅತಿಯಾಗಿ ಅಲೆಯ ತಲೆ ಚಪ್ಪಟೆಯಾಗುವುದಕ್ಕೆ ಇಂಗ್ಲಿಷಿನಲ್ಲಿ ‘ಕ್ಲಿಪಿಂಗ್’ ಎನ್ನುವುದರಿಂದ, ‘ಕ್ಲಿಪ್ ಕ್ಲಿಪ್ ಆಗಿದೆ’ ಎಂಬ ವಿಚಿತ್ರ ಹುಟ್ಟುತ್ತದೆ. ನಮ್ಮ ಮೈಕ್ ಸೆಟ್ಟಿನವರು ಎಂದಿನಿಂದಲೋ ‘ದನಿ ಒಡೀತಿದೆ’ ಎನ್ನುತ್ತಾರೆ. ಹದಿಹರೆಯದ ಹುಡುಗರ ದನಿ ಒಡೆಯುವುದೂ ಇದೆ ನಿಜ, ಆದರೆ ಅದನ್ನು ಯಾವ ಗುಂಡಿಯೂ ಸರಿಮಾಡದಾದ್ದರಿಂದ ಗೊಂದಲಕ್ಕೆ ಆಸ್ಪದವಿಲ್ಲ.

ತುಣುಕನ್ನು ಮತ್ತೆ ಮತ್ತೆ ನುಡಿಸುವ ಲೂಪ್‌ಗೆ, ತಾಳದ ಒಂದು ಪೂರ್ತಿ ಸುತ್ತನ್ನು ಹೇಳುವ ‘ಆವರ್ತ’ ಬೇಡವೆಂದು ನಿರ್ಧರಿಸಿದ್ದೇನೆ. ತಂತ್ರಾಂಶ ತಾನಾಗಿ ಹಾಕಿಕೊಡುವ ನಾಲ್ಕು ಎಣಿಕೆಯ ಮನೆಗಳಲ್ಲಿ (ಇವು ಹಾರ್ಮೋನಿಯಂ ಮನೆಗಳಲ್ಲ, ಕಾಲದ ಚೌಕಗಳು) ಆದಿತಾಳದ ಒಂದು ಆವರ್ತ ಎರಡು ಮನೆಗೆ ಸರಿಯಾಗಿ ಕೂರುತ್ತದೆ. ಏಳೆಣಿಕೆಯ ಮಿಶ್ರಚಾಪು ನಾಲ್ಕು ಆವರ್ತವಾದ ಮೇಲಷ್ಟೇ ಏಳು ಮನೆಯ ಕೊನೆಗೆ ಬಂದು ಸೇರುತ್ತದೆ. ಲೂಪ್ ಒಂದು ಆವರ್ತವೂ ಆಗಿರಬಹುದು, ಅರ್ಧವೂ, ನಾಲ್ಕೂ ಆಗಿರಬಹುದು. ‘ಮರುಕಳಿಕೆ’ ಎಂದರೆ ಜ್ವರ ನೆನಪಾಗುತ್ತದೆಂದು ಒಬ್ಬರು ನಕ್ಕರು. ಸದ್ಯಕ್ಕೆ ‘ಸುತ್ತು’.

ಫೇಡ್ ಬಗ್ಗೆ ನನಗೆ ಏನೂ ಹೊಳೆದಿಲ್ಲ. ‘ಮಸುಕು’, ‘ಮಾಸು’ ಕಣ್ಣಿನವು. ತಂಬೂರಿಯನ್ನು ಮೆಲ್ಲಗೆ ನಿಲ್ಲಿಸುವುದಕ್ಕೆ, ಅಥವಾ ದೂರ ಸಾಗುವ ಮೆರವಣಿಗೆಯ ವಾಲಗ ಸಣ್ಣಗಾಗುತ್ತ ಹೋಗುವುದಕ್ಕೆ ನಿಮ್ಮ ಕಡೆ ಒಂದೇ ಪದದ ಮಾತು ಇದ್ದರೆ ತಿಳಿಸಬೇಕು. ಇನ್ನೊಂದು ಕೋರಿಕೆ ನಾಟಕ ಕಂಪನಿಗಳ ಹಾರ್ಮೋನಿಯಂ ಬಲ್ಲವರಲ್ಲಿ. ಪಟ್ಟಿಗಳ ಚೌಕಟ್ಟನ್ನೇ ಪಕ್ಕಕ್ಕೆ ಸರಿಸಿ, ಬೆರಳು ಬದಲಿಸದೆ ಬೇರೆ ಶ್ರುತಿಯಲ್ಲಿ ನುಡಿಸಲು ಬರುವ ಸ್ಕೇಲ್ ಚೇಂಜರ್ ಪೆಟ್ಟಿಗೆಯಲ್ಲಿ ಆಗುವುದು ಟ್ರಾನ್ಸ್‌ಪೋಸೇ. ನಟ ಬದಲಾದಾಗ ಮಾಸ್ತರರು ಪೆಟ್ಟಿಗೆಯನ್ನು ಏನು ‘ಮಾಡುತ್ತಿದ್ದರು’? ಸರಿಸುತ್ತಿದ್ದರೇ, ಜರುಗಿಸುತ್ತಿದ್ದರೇ, ತಿರುಗಿಸುತ್ತಿದ್ದರೇ? ಆ ಕ್ರಿಯಾಪದ ಸಿಕ್ಕರೆ ‘ಸ್ಥಾನ ಏರಿಸು’ ಎಂಬ ನನ್ನ ಜೋಡಣೆಯನ್ನು ಕೂಡಲೇ ಕೈಬಿಡುತ್ತೇನೆ.