ಘ್ರಾಣ ನರದ ಗ್ಲಿಯಾ ಕೋಶಗಳ ಮೂಲ ಯಾವುದು?

ಪ್ರಶ್ನೆ (ಪ್ರಾಣಿಶಾಸ್ತ್ರ ಉಪನ್ಯಾಸಕಿ, ಗಂಗಾವತಿ): ನಮಸ್ಕಾರ ಸರ್. ಘ್ರಾಣ ನರದ (ವಾಸನೆಯನ್ನು ಮಿದುಳಿಗೆ ತಿಳಿಸುವ ನರದ) ಎಳೆಗಳನ್ನು ಸುತ್ತಿಕೊಂಡಿರುವ ಗ್ಲಿಯಾ ಕೋಶಗಳು, ಅಂದರೆ ನರಕೋಶಗಳಿಗೆ ಆಸರೆಯಾಗುವ ಕೋಶಗಳು, ಮೂಗಿನ ಪ್ಲಾಕೋಡ್‌ನಿಂದ ಹುಟ್ಟುತ್ತವೆ ಎಂದು ನಾನು ಓದಿದ್ದೆ. ವಿದ್ಯಾರ್ಥಿನಿಯೊಬ್ಬಳು ತಂದು ತೋರಿಸಿದ ಹೊಸ ಪುಸ್ತಕದಲ್ಲಿ ನ್ಯೂರಲ್ ಕ್ರೆಸ್ಟ್ ಎಂದಿದೆ. ತರಗತಿಯಲ್ಲಿ ಯಾವುದನ್ನು ಹೇಳಲಿ?

ಉತ್ತರ (ಅಂಗರಚನಾಶಾಸ್ತ್ರ ಅಧ್ಯಾಪಕ, ಬಳ್ಳಾರಿ): ನ್ಯೂರಲ್ ಕ್ರೆಸ್ಟ್ ಎಂದೇ ಹೇಳಿ ಮೇಡಂ. ಭ್ರೂಣದಲ್ಲಿ ಮುಂದೆ ಮಿದುಳು, ಬೆನ್ನುಹುರಿಯಾಗುವ ನ್ಯೂರಲ್ ಮಡಿಕೆಗಳ ಅಂಚಿನಿಂದ ಹೊರಡುವ ಕೋಶಗಳಿಗೆ ಆ ಹೆಸರು. ಹಳೆಯ ಅಭಿಪ್ರಾಯಕ್ಕೂ ಕಾರಣವಿತ್ತು. ವಾಸನೆ ಹಿಡಿಯುವ ನರಕೋಶಗಳು ಪ್ಲಾಕೋಡ್‌ನಿಂದ, ಅಂದರೆ ಭ್ರೂಣದ ತಲೆಯ ಮುಂಭಾಗದಲ್ಲಿ ದಪ್ಪಗಾಗುವ ಹೊರಪದರದಿಂದ ಹುಟ್ಟಿ, ಮಿದುಳಿನತ್ತ ಎಳೆ ಚಾಚುತ್ತವೆ. ಆ ಎಳೆಗಳಿಗೆ ಅಂಟಿಕೊಂಡೇ ಗ್ಲಿಯಾ ಕೋಶಗಳೂ ಸಾಗುವುದರಿಂದ ಎರಡಕ್ಕೂ ಮೂಲ ಒಂದೇ ಎಂದು ಬಹುಕಾಲ ನಂಬಲಾಗಿತ್ತು.

2010ರಲ್ಲಿ ಕೇಂಬ್ರಿಡ್ಜ್‌ನ ಕ್ಲೇರ್ ಬೇಕರ್ ಅವರ ತಂಡ ಇದನ್ನು ನೇರವಾಗಿ ಪರೀಕ್ಷಿಸಿತು. ಹಸಿರಾಗಿ ಹೊಳೆಯುವ ಪ್ರೋಟೀನ್ ಇರುವ ಕೋಳಿ ಭ್ರೂಣದಿಂದ ನ್ಯೂರಲ್ ಮಡಿಕೆಯ ತುಣುಕನ್ನು ತೆಗೆದು ಸಾಮಾನ್ಯ ಭ್ರೂಣಕ್ಕೆ ಕಸಿ ಮಾಡಿದಾಗ, ಮುಂದೆ ಅದರ ಘ್ರಾಣ ನರದಲ್ಲಿ ಎಳೆಗಳನ್ನು ಸುತ್ತಿದ್ದ ಗ್ಲಿಯಾ ಕೋಶಗಳು ಹಸಿರಾಗಿ ಕಂಡವು, ಎಳೆಗಳು ಮಾತ್ರ ಹೊಳೆಯಲಿಲ್ಲ. ಇಲಿಗಳಲ್ಲಿ ವಂಶವಾಹಿ ಗುರುತಿನಿಂದ ನೋಡಿದಾಗಲೂ ಇದೇ ಕಂಡಿತು. ನನಗಂತೂ ಇಷ್ಟು ಸ್ಪಷ್ಟವಾದ ಪ್ರಯೋಗವನ್ನು ಪಾಠ ಮಾಡುವುದೇ ಒಂದು ಸಂತೋಷ.

ನಿಮ್ಮ ಪ್ರಯೋಗಾಲಯದಲ್ಲಿ 33 ಗಂಟೆಯ ಕೋಳಿ ಭ್ರೂಣದ ಸ್ಲೈಡ್ ಇದ್ದರೆ ಮಕ್ಕಳಿಗೆ ತೋರಿಸಿ. ತಲೆಯ ಕಡೆ ಮಡಿಕೆಗಳು ಕೂಡಿಕೊಂಡು ಕೊಳವೆಯಾಗಿರುತ್ತವೆ, ಬಾಲದ ಕಡೆ ಇನ್ನೂ ಬಾಯಿ ತೆರೆದಿರುತ್ತವೆ. ಆ ಮಡಿಕೆಗಳ ಅಂಚಿನಿಂದ ಬಿಡಿಸಿಕೊಂಡು ಹೊರಡುವ ಕೋಶಗಳೇ ನ್ಯೂರಲ್ ಕ್ರೆಸ್ಟ್.

ಪ್ರಶ್ನೆ (ಸಿಂಧನೂರು): ಸರ್, ನಮ್ಮ ಮಾವನವರು ಮಾಳಿಗೆಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಮೂಗಿನ ಇದೇ ಕೋಶಗಳಿಂದ ಅದು ವಾಸಿಯಾಗುತ್ತದೆಯೆ?

ಉತ್ತರ: ನಿಮ್ಮ ಮನೆಯವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ; ಈಗಲೇ ಗುಣಪಡಿಸುತ್ತೇವೆಂದು ಯಾರಾದರೂ ಹಣ ಕೇಳಿದರೆ ದಯವಿಟ್ಟು ಕೊಡಬೇಡಿ, ಫಿಸಿಯೋಥೆರಪಿಯನ್ನು ನಿಲ್ಲಿಸಬೇಡಿ. 2014ರಲ್ಲಿ ಪೋಲೆಂಡ್‌ನಲ್ಲಿ ಒಬ್ಬ ರೋಗಿಗೆ ಸ್ವಲ್ಪ ಚಲನೆ ಮರಳಿದ ವರದಿ ಬಂದಿತ್ತು. ಆತನಿಗೆ ಈ ಕೋಶಗಳ ಜೊತೆಗೆ ಕಾಲಿನ ನರದ ಕಸಿಯನ್ನೂ ಮಾಡಿದ್ದರು, ತೀವ್ರ ವ್ಯಾಯಾಮವನ್ನೂ ಮಾಡಿಸಿದ್ದರು.

ಮೂಗಿನ ನರಕೋಶಗಳು ಜೀವನಪೂರ್ತಿ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ, ಅವುಗಳ ಎಳೆಗಳನ್ನು ಮಿದುಳಿನೊಳಕ್ಕೆ ಒಯ್ಯಲು ನೆರವಾಗುವುದು ಈ ಗ್ಲಿಯಾ ಕೋಶಗಳೇ ಆದ್ದರಿಂದ ವೈದ್ಯರಿಗೆ ಇವುಗಳ ಮೇಲೆ ಆಸೆ. ತೊಂದರೆಯೆಂದರೆ ಇವು ಸಿಗುವುದು ಅತಿ ಕಡಿಮೆ. ಮೂಲ ನ್ಯೂರಲ್ ಕ್ರೆಸ್ಟ್ ಎಂದು ತಿಳಿದ ಮೇಲೆ ಇನ್ನೊಂದು ದಾರಿ ಕಂಡಿದೆ: ದೊಡ್ಡವರ ಕೂದಲ ಬುಡದಲ್ಲಿಯೂ ನ್ಯೂರಲ್ ಕ್ರೆಸ್ಟ್‌ನ ಕಾಂಡಕೋಶಗಳು ಉಳಿದಿರುತ್ತವೆ, ರೋಗಿಯ ಸ್ವಂತ ಚರ್ಮದಿಂದಲೇ ಈ ಗ್ಲಿಯಾ ಕೋಶಗಳನ್ನು ಬೆಳೆಸಬಹುದೇ ಎಂದು ಸಂಶೋಧಕರು ಹುಡುಕುತ್ತಿದ್ದಾರೆ.