ಹಣ್ಣು ಹಾಕಿದ ಸಲಾಡ್ ಹತ್ತೇ ನಿಮಿಷಕ್ಕೆ ನೀರ್ನೀರಾಗುತ್ತೆ, ಎಲ್ಲಿ ತಪ್ತಾ ಇದೀನಿ?

ಪ್ರಶ್ನೆ:
ಒಲೆ ಹಚ್ಚೋಕೆ ಬೇಜಾರಾದ ದಿನ ಲೆಟಿಸ್, ಒಂದು ಸೇಬು, ಒಂದು ಕಿತ್ತಳೆ ಹೆಚ್ಚಾಕಿ ಮೇಲಿಂದ ಆಲಿವ್ ಆಯಿಲ್ಲು, ವಿನಿಗರ್ರು, ಉಪ್ಪು ಸುರಿದು ಕಲಸ್ಬಿಡ್ತೀನಿ. ಪ್ರತಿ ಸಲ ಅದೇ ಕಥೆ, ಸೊಪ್ಪು ಬಾಡಿ ಮುದ್ದೆ ಆಗುತ್ತೆ, ಬಟ್ಟಲ ತಳದಲ್ಲಿ ನೀರು, ಡ್ರೆಸಿಂಗ್ ಪೂರ್ತಿ ಅದ್ರಲ್ಲೇ ತೇಲ್ತಾ ಇರುತ್ತೆ, ಒಂದು ತುತ್ತು ಬರೀ ಹುಳಿ ಇನ್ನೊಂದು ತುತ್ತು ಬರೀ ಸಪ್ಪೆ. ಅಂಗಡಿ ಬಾಟಲಿ ಡ್ರೆಸಿಂಗ್ ಬೇಡ ನಂಗೆ, ಸಿಕ್ಕಾಪಟ್ಟೆ ಸಿಹಿ.

ಉತ್ತರ 1:
ಎಲೆ ತೊಳೆದ್ಮೇಲೆ ಒರೆಸ್ತೀರಾ? ನೂರಕ್ಕೆ ನೂರು ಇಲ್ಲ ಅನ್ಸುತ್ತೆ. ಎಲೆ ಮೇಲೆ ನೀರಿದ್ರೆ ಎಣ್ಣೆ ಹತ್ತೋದೇ ಇಲ್ಲ, ಜಾರ್ಕೊಂಡು ಕೆಳಗೆ ಹೋಗುತ್ತೆ. ಒಣಗಿದ ಟವೆಲ್ ಮೇಲೆ ಹರಡಿ ಸುತ್ತಿ ಮೆಲ್ಲಗೆ ಒತ್ತಿ, ಅಷ್ಟು ಸಾಕು. ಸೊಪ್ಪು ಮೊದಲೇ ಸೊರಗಿದ್ರೆ ಐಸ್ ನೀರಲ್ಲಿ 10-15 ನಿಮಿಷ ಮುಳುಗಿಸಿ ಆಮೇಲೆ ಒರೆಸಿ, ಮತ್ತೆ ಗರಿಗರಿ ಆಗುತ್ತೆ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದ್ರೆ ಡ್ರೆಸಿಂಗೂ ತಪ್ಪಾಗಿದೆ. ಉಪ್ಪು ಎಣ್ಣೇಲಿ ಕರಗಲ್ಲ ರೀ, ಅದಕ್ಕೇ ಒಂದು ಕಡೆ ಉಪ್ಪು ಒಂದು ಕಡೆ ಸಪ್ಪೆ. ಮುಚ್ಚಳ ಇರೋ ಒಂದು ಸಣ್ಣ ಜಾರಿಗೆ ಮೊದಲು 1 ಚಮಚ ವಿನಿಗರ್, ಚಿಟಿಕೆ ಉಪ್ಪು ಹಾಕಿ ಕರಗಿಸಿ, ಅರ್ಧ ಚಮಚ ಸಾಸಿವೆ ಪೇಸ್ಟು, ಸ್ವಲ್ಪ ಜೇನು, ಪೆಪ್ಪರ್ ಹಾಕಿ, ಕೊನೆಗೆ 3 ಚಮಚ ಎಣ್ಣೆ ಹುಯ್ದು ಮುಚ್ಚಳ ಬಿಗಿ ಮಾಡಿ ಅರ್ಧ ನಿಮಿಷ ಕುಲುಕಿ. ಎಣ್ಣೇನೂ ಹುಳೀನೂ ಬೇಗ ಬೇರೆ ಆಗದ ಹಾಗೆ ಹಿಡಿದಿಡೋದು ಆ ಸಾಸಿವೆ, ಅದನ್ನ ಬಿಡ್ಬೇಡಿ. ಹಣ್ಣು ತುಂಬಾ ಸಿಹಿ ಇದ್ರೆ ಜೇನು ಬೇಡ, ಎಣ್ಣೆ 2 ಚಮಚಕ್ಕೆ ಇಳಿಸಿ, ಹುಳಿ ಎದ್ದು ಕಾಣ್ಬೇಕು.

ಅಂದಹಾಗೆ ಸೊಪ್ಪು ಬಾಡ್ಸೋದು ವಿನಿಗರ್ ಅಂದ್ಕೋತಾರೆ ಎಲ್ರೂ, ನಿಜವಾದ ಕಳ್ಳ ಎಣ್ಣೆ! ಎಲೆ ಮೇಲೆ ಮೇಣದಂಥ ತೆಳು ಪದರ ಇರುತ್ತಲ್ಲ, ನೀರು ಅದ್ರ ಮೇಲೆ ಜಾರುತ್ತೆ, ಎಣ್ಣೆ ಒಳಗೆ ಇಳಿಯುತ್ತೆ. ಅದಕ್ಕೇ ತಟ್ಟೆ ಮುಂದೆ ಕೂತ್ಮೇಲೇ ಕಲಸಿ.

ಉತ್ತರ 3:
ಕಿತ್ತಳೆ ಬಗ್ಗೆ ಯಾರೂ ಹೇಳ್ಲಿಲ್ವಲ್ಲ. ತೊಳೆ ಬಿಡಿಸಿ ಒಂದು ಜರಡೀಲಿ ಇಡಿ, ಸೋರಿದ ರಸಾನ ಡ್ರೆಸಿಂಗಿಗೇ ಹಾಕ್ಕೊಳ್ಳಿ, ವಿನಿಗರ್ ಅರ್ಧ ಸಾಕಾಗುತ್ತೆ. ಸೇಬಿಗೆ ಹೆಚ್ಚಿದ ತಕ್ಷಣ ನಿಂಬೆ ರಸ ಸವರಿ, ಕಪ್ಪಾಗಲ್ಲ. ಎಲೆಗೆ ಡ್ರೆಸಿಂಗ್ ಹತ್ತಿದ್ಮೇಲೇ ಹಣ್ಣು, ಹಣ್ಣಿನ ಜೊತೆ ಸೇರಿಸಿ ಕಲಸಿದ್ರೆ ಜಜ್ಜಿ ಹೋಗುತ್ತೆ. ನಾನಂತೂ ಹುರಿದ ಬಾದಾಮಿ ಇಲ್ದೆ ತಿನ್ನೋದೇ ಇಲ್ಲ, ಅದು ನನ್ನ ಚಟ ಬಿಡಿ.

ಪ್ರಶ್ನೆ ಕೇಳಿದವರು:
ಉಳಿದ ಡ್ರೆಸಿಂಗ್ ಎತ್ತಿಡ್ಬಹುದಾ?

ಉತ್ತರ 2:
ಫ್ರಿಜ್ಜಲ್ಲಿ ಮೂರ್ನಾಲ್ಕು ದಿನ ಆರಾಮಾಗಿ ಇರುತ್ತೆ. ಆಲಿವ್ ಆಯಿಲ್ ಗಟ್ಟಿ ಆದ್ರೆ ಗಾಬರಿ ಬೇಡ, ಸ್ವಲ್ಪ ಹೊತ್ತು ಹೊರಗಿಟ್ಟು ಕುಲುಕಿ. ಹಸಿ ಬೆಳ್ಳುಳ್ಳಿ ಹಾಕಿದ್ರೆ ಮಾತ್ರ ಹೊರಗಡೆ ಬಿಡಲೇಬೇಡಿ, ಅವತ್ತೇ ಖಾಲಿ ಮಾಡಿ.

ಪ್ರಶ್ನೆ ಕೇಳಿದವರು:
ರಾತ್ರಿ ಮಾಡ್ದೆ. ಟವೆಲ್ ಒದ್ದೆ ಮುದ್ದೆ ಆಯ್ತು, ಇಷ್ಟೂ ನೀರನ್ನ ಇಷ್ಟು ದಿನ ನಾನೇ ತಿಂತಿದ್ನಾ ಅಂತ! ತಳದಲ್ಲಿ ಉಳಿದಿದ್ದು ಒಂದು ಚಮಚ ಅಷ್ಟೇ, ಅದನ್ನೂ ಬ್ರೆಡ್ಡಲ್ಲಿ ಒರೆಸ್ಕೊಂಡು ತಿಂದೆ.